ಮೂವತ್ತನಾಲ್ಕು ಸೆಕೆಂಡು

ಐಲಿ ಆ ಕ್ಲಾಸಿಗೆ ಸೇರಿದ್ದೇ ತಪ್ಪು ತಿಳಿದುಕೊಂಡು. ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲಿ ‘ನಿಮ್ಮ ಕಥೆಯನ್ನು ಆನ್‌ಲೈನ್‌ನಲ್ಲಿ ಹೇಳಿ’ ಎಂದಿತ್ತು. ಕೆಲಸಕ್ಕೆ ಅರ್ಜಿ ಹಾಕುವುದನ್ನು ಕಲಿಸುತ್ತಾರೆ ಅಂದುಕೊಂಡು ಹೆಸರು ಬರೆದು ಬಂದಳು.

ಅವಳಿಗೆ ಕೆಲಸ ಬೇಕಿತ್ತು. ಹನ್ನೊಂದು ವರ್ಷದಿಂದ ಊರಾಚೆಯ ಪುಟ್ಟ ಗುಡ್ಡದಲ್ಲಿ ಮಕ್ಕಳಿಗೆ ಸ್ಕೀ ಕಲಿಸುತ್ತಿದ್ದಳು. ಈ ವರ್ಷ ಆ ಗುಡ್ಡದ ಮೇಲೆ ಹಿಮ ನಿಂತದ್ದು ಒಟ್ಟು ಒಂಬತ್ತು ದಿನ. ಹತ್ತನೆಯ ದಿನ ಮಳೆ ಸುರಿಯಿತು. ಹೊಸ ವರ್ಷದ ಹೊತ್ತಿಗೆ ಗುಡ್ಡ ಒದ್ದೆ ಕಂಬಳಿಯ ಹಾಗೆ ಕಂದಾಗಿ ಮಲಗಿತ್ತು. ಹಿಮ ಮಾಡುವ ಯಂತ್ರಗಳಿದ್ದವು, ಅವುಗಳನ್ನು ಓಡಿಸುವಷ್ಟು ಚಳಿಯೇ ಇರಲಿಲ್ಲ.

ಬೇಕರಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಅವಳು ಒಬ್ಬಳೇ. ಹಳೆಯ ಅಭ್ಯಾಸಕ್ಕೆ ಬೆಳಗ್ಗೆ ಆರಕ್ಕೇ ಎಚ್ಚರವಾಗುತ್ತಿತ್ತು. ಎದ್ದು ಹೋಗಲು ಜಾಗವಿರಲಿಲ್ಲ. ಕಿಟಕಿ ತೆರೆದರೆ ಸುಪೀರಿಯರ್ ಸರೋವರದ ಅಲೆಗಳ ಸದ್ದು. ಜನವರಿಯಲ್ಲಿ ಹೆಪ್ಪುಗಟ್ಟಿ ಸುಮ್ಮನಿರಬೇಕಾದ ನೀರು ಇಡೀ ದಿನ ದಡಕ್ಕೆ ಬಡಿದುಕೊಳ್ಳುತ್ತಿತ್ತು. ಅದನ್ನು ಕೇಳುತ್ತಾ ಕಾಫಿ ಕುಡಿದು ಮುಗಿಸಿದರೆ ಗಂಟೆ ಇನ್ನೂ ಏಳು.

ಮಂಗಳವಾರ ಮಧ್ಯಾಹ್ನ ಲೈಬ್ರರಿಗೆ ಹೋದಾಗ ಮೂಲೆಯ ಕುರ್ಚಿಯಲ್ಲಿ ಆರ್ವೊ ಕೂತಿದ್ದ.

ಆರ್ವೊ, ಜನರನ್ನು ಗುಡ್ಡದ ತುದಿಗೆ ಒಯ್ಯುವ ಚೇರ್‌ಲಿಫ್ಟ್ ನೋಡಿಕೊಳ್ಳುವವನು. ತಂತಿಗೆ ನೇತುಬಿದ್ದು ತೂಗಾಡುತ್ತಾ ಬರುವ ಕುರ್ಚಿಯನ್ನು ಕೈಯಿಂದ ಹಿಡಿದು, ಜನರ ಮೊಣಕಾಲಿಗೆ ಬಡಿಯದಂತೆ ಮೆತ್ತಗೆ ಹಿಂದಿನಿಂದ ತಂದು ಕೂರಿಸುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಐಲಿಯ ಕುರ್ಚಿಯನ್ನು ಅವನು ಎಷ್ಟು ಸಾವಿರ ಸಲ ಹಿಡಿದಿದ್ದನೋ. ಆಡಿದ ಮಾತೆಲ್ಲ ಗಾಳಿ, ಹಿಮ, ಚಳಿಯದು. ಹೆಂಡತಿ ಬಿಟ್ಟುಹೋಗಿ ಬಹಳ ವರ್ಷವಾಗಿದೆ ಎಂದು ಊರವರು ಹೇಳಿ ಅವಳಿಗೆ ಗೊತ್ತು, ಅವನು ಹೇಳಿ ಅಲ್ಲ.

“ನೀನೂ ಕೆಲಸ ಹುಡುಕ್ತಿದ್ದೀಯಾ?” ಎಂದಳು ಐಲಿ.

“ಇಲ್ಲ. ಇಲ್ಲಿ ಹೀಟರ್ ಚೆನ್ನಾಗಿದೆ.”

“ನಿಮ್ಮನೇಲಿ ಇಲ್ವಾ?”

“ಇದೆ. ಅದರ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ.”

ಹೇಳಿ ಅವನು ಕಿಟಕಿಯ ಕಡೆ ನೋಡಿದ. ಕಿವಿಯ ತುದಿ ಕೆಂಪಾಗಿತ್ತು. ಚಳಿಗೆ ಕೆಂಪಾದ ಆ ಕಿವಿಗಳನ್ನು ಐಲಿ ಎಷ್ಟೋ ಸಲ ನೋಡಿದ್ದಳು. ಬೆಚ್ಚಗಿನ ಕೋಣೆಯಲ್ಲಿ ನೋಡಿದ್ದು ಇದೇ ಮೊದಲು.

ಪಾಠ ಹೇಳುವ ಜೊಯೆಲ್ ಕಾಲೇಜಿನಿಂದ ಬಂದ ಚುರುಕು ಹುಡುಗಿ. ಕೆಲಸದ ಅರ್ಜಿಗೂ ಈ ಕ್ಲಾಸಿಗೂ ಸಂಬಂಧವಿಲ್ಲ ಎಂದು ಐಲಿಗೆ ಐದೇ ನಿಮಿಷದಲ್ಲಿ ಗೊತ್ತಾಯಿತು. ಫೋಟೋ, ದನಿ, ಪುಟ್ಟ ವಿಡಿಯೋ, ನಾಲ್ಕು ಸಾಲು ಬರಹ ಎಲ್ಲವನ್ನೂ ಹೊಲಿದು ಒಂದೇ ಪುಟದಲ್ಲಿ ಕಥೆ ಮಾಡುವುದು. ಓದುವವರು ಬೆರಳಿಂದ ಪುಟ ಜಾರಿಸಿದಂತೆ ಚಿತ್ರ ಬದಲಾಗಬೇಕು, ಚಿತ್ರದೊಳಗಿನವರು ಮಾತಾಡಬೇಕು. ಎದ್ದು ಹೋಗೋಣ ಅನ್ನಿಸಿತು. ಹೋಗಿ ಮಾಡುವುದೇನು ಎಂದೂ ಅನ್ನಿಸಿತು. ಕೂತಳು.

ಕ್ಲಾಸಿಗೆ ಬಂದಿದ್ದ ಮಿಸೆಸ್ ಹೌತಲಾ ತಮ್ಮ ನಾಯಿಯ ಬಗ್ಗೆ ಕಥೆ ಮಾಡುವುದಾಗಿ ಆಗಲೇ ಘೋಷಿಸಿಬಿಟ್ಟಿದ್ದರು. ಹಿಮವಿಲ್ಲದ ಗುಡ್ಡದ ಕಥೆ ಐಲಿ ಮತ್ತು ಆರ್ವೊ ಇಬ್ಬರ ಪಾಲಿಗೆ ಬಂತು. ಅವಳು ಪ್ರಶ್ನೆ ಕೇಳಬೇಕು, ಅವನು ಉತ್ತರ ಹೇಳಬೇಕು. ಮಾತಾಡುವ ಕೆಲಸ ಬೇರೆ ಯಾರಿಗಾದರೂ ಕೊಡಬಹುದಿತ್ತಲ್ಲ ಎಂದು ಆರ್ವೊ ಗೊಣಗಿದ. ನಾಯಿ ಖಾಲಿ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದೆ ಎಂದಳು ಐಲಿ. ಅವನು ನಕ್ಕ. ಹಲ್ಲು ಕಾಣದ, ಕಣ್ಣಲ್ಲಷ್ಟೇ ಆಗುವ ನಗು.

ಮೂರು ದಿನದ ನಂತರ ಇಬ್ಬರೂ ಗುಡ್ಡಕ್ಕೆ ಹೋದರು. ಮಾಲೀಕ ಕ್ಲೆಮ್‌ಗೆ ಎಪ್ಪತ್ತು ದಾಟಿದೆ. ಯಂತ್ರ ತುಕ್ಕು ಹಿಡಿದು ನಿಲ್ಲದಿರಲೆಂದು ವಾರಕ್ಕೊಮ್ಮೆ ಲಿಫ್ಟನ್ನು ಖಾಲಿ ಓಡಿಸುತ್ತಿದ್ದರು. ಅವತ್ತು ತಾವೇ ಸ್ವಿಚ್ಚಿನ ಮುಂದೆ ಕೂತು, “ಹನ್ನೊಂದು ವರ್ಷ ಬೇರೆಯವರನ್ನ ಕೂರಿಸಿದ್ದೀಯ. ಇವತ್ತು ನೀನೂ ಕೂತ್ಕೊ ಮಾರಾಯ,” ಎಂದರು.

ಹೀಗೆ ಅವರಿಬ್ಬರೂ ಮೊದಲ ಸಲ ಒಂದೇ ಕುರ್ಚಿಯಲ್ಲಿ ಕೂತರು.

ಕಾಲ ಕೆಳಗೆ ಒಣಹುಲ್ಲು, ಕೆಸರು, ಯಾವುದೋ ಮಗುವಿನ ಒಂಟಿ ಕೈಗವಸು. ಐಲಿ ಫೋಟೋ ತೆಗೆಯುತ್ತಾ ಹೋದಳು. ಅವಳು ಬಾಗಿದಾಗಲೆಲ್ಲ ಆರ್ವೊ ಅಡ್ಡಕಂಬಿಯ ಮೇಲೆ ಕೈಯಿಟ್ಟು ಕುರ್ಚಿ ಅಲುಗಾಡದಂತೆ ನೋಡಿಕೊಂಡ. ಅವನ ತೋಳು ಅವಳ ತೋಳಿಗೆ ತಾಗುತ್ತಿತ್ತು. ದಪ್ಪ ಜಾಕೆಟ್ಟುಗಳ ನಡುವೆ ತಾಗಿದ್ದು ಗೊತ್ತಾಗಬಾರದು. ಗೊತ್ತಾಯಿತು.

ಅರ್ಧ ದಾರಿಯಲ್ಲಿ ರೆಕಾರ್ಡರ್ ಆನ್ ಮಾಡಿ ಇಬ್ಬರ ಮಧ್ಯೆ ಹಿಡಿದಳು. ಈ ಚಳಿಗಾಲ ಏನು ಮಾಡುತ್ತೀಯ ಎನ್ನುವುದು ಮೊದಲ ಪ್ರಶ್ನೆ.

“ಫೆಬ್ರವರಿ ಒಂದಕ್ಕೆ ಹೊರಡ್ತಿದ್ದೀನಿ,” ಎಂದ ಆರ್ವೊ. “ಪಶ್ಚಿಮಕ್ಕೆ, ಮೊಂಟಾನದ ಬೆಟ್ಟಗಳಿಗೆ. ಅಲ್ಲಿ ಹಿಮ ಬಿದ್ದಿದೆ. ಲಿಫ್ಟ್ ನೋಡ್ಕೊಳ್ಳೋಕೆ ಜನ ಬೇಕಂತೆ.”

ಐಲಿಗೆ ಕೇಳಬೇಕೆನಿಸಿದ್ದು ಬೇರೆ. ಯಾವಾಗ ಗೊತ್ತಾಯಿತು, ನನಗೆ ಯಾಕೆ ಹೇಳಲಿಲ್ಲ, ಹೇಳಲು ನಾನು ನಿನಗೆ ಏನಾಗಬೇಕು. ಆದರೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಜೊಯೆಲ್ ಬರೆದುಕೊಟ್ಟ ಚೀಟಿ ನೋಡಿ ಎರಡನೆಯ ಪ್ರಶ್ನೆ ಕೇಳಿದಳು.

“ಇಲ್ಲಿಂದ ಹೋದ್ಮೇಲೆ ನಿಂಗೆ ಜಾಸ್ತಿ ನೆನಪಾಗೋದು ಏನು?”

ಅವನು ಉತ್ತರ ಕೊಡಲಿಲ್ಲ. ಲಿಫ್ಟಿನ ಚಕ್ರಗಳು ಕಟಕಟ ಅಂದವು. ತುದಿ ಬರುವ ಹೊತ್ತಿಗೆ, ಗಾಳಿ ಜಾಸ್ತಿ ಆಯ್ತು, ಆಫ್ ಮಾಡು ಎಂದ.

ಮುಂದಿನ ಕ್ಲಾಸಿನಲ್ಲಿ ಜೊಯೆಲ್ ಪಕ್ಕ ಕೂತು ರೆಕಾರ್ಡ್ ಆದ ದನಿಯನ್ನು ಕತ್ತರಿಸುವುದನ್ನು ಕಲಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ದನಿ ಬೆಟ್ಟದ ಸಾಲಿನಂತೆ ಕಾಣುತ್ತಿತ್ತು. ಮಾತಿದ್ದಲ್ಲಿ ಏರು, ಇಲ್ಲದಲ್ಲಿ ಬಯಲು. ಕೊನೆಯ ಬಯಲನ್ನು ತೋರಿಸಿ, ಮೂವತ್ತನಾಲ್ಕು ಸೆಕೆಂಡು ಯಾರೂ ಸುಮ್ಮನೆ ಕೂತು ಕೇಳುವುದಿಲ್ಲ, ಇದನ್ನು ತೆಗೆದುಬಿಡಿ ಎಂದಳು.

ತೆಗೆಯುವ ಮೊದಲು ಐಲಿ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿದಳು. ಗಾಳಿ. ಚಕ್ರ. ಅವನ ಉಸಿರು. ಇಪ್ಪತ್ತೊಂದನೆಯ ಸೆಕೆಂಡಿನಲ್ಲಿ ಅವನು ಉಸಿರೆಳೆದು, “ನೀ...” ಅಂದಿದ್ದ. ಅಷ್ಟೇ. ಆಮೇಲೆ ಗಂಟಲಲ್ಲಿ ಏನನ್ನೋ ನುಂಗಿದ ಸದ್ದು.

ಅವಳು ಅದನ್ನು ಮತ್ತೆ ಕೇಳಿದಳು. ಮನೆಗೆ ಹೋಗಿ ಮತ್ತೆ ಕೇಳಿದಳು. ಅದು ‘ನೀನು’ ಇರಬಹುದು. ‘ನೀರು’ ಇರಬಹುದು. ಸರೋವರದ ನೀರು ನೆನಪಾಗುತ್ತದೆ ಎನ್ನಲು ಹೊರಟಿದ್ದನೇನೋ. ಗುಡ್ಡದ ಮೇಲಿಂದ ನೀರು ಚೆಂದವೇ ಕಾಣುತ್ತದೆ. ಮೂವತ್ತೊಂಬತ್ತು ವರ್ಷದ ಹೆಂಗಸು ಅರ್ಧ ಅಕ್ಷರಕ್ಕೆ ಕಿವಿಯಿಟ್ಟು ಕೂತಿದ್ದಾಳಲ್ಲ ಎಂದು ತನ್ನ ಮೇಲೆ ತನಗೇ ನಗು ಬಂತು. ನಕ್ಕ ಮೇಲೆ ಕೋಣೆ ಮೊದಲಿಗಿಂತ ಖಾಲಿ ಅನ್ನಿಸಿತು.

ಆ ಮೌನವನ್ನು ಅವಳು ಕತ್ತರಿಸಲಿಲ್ಲ.

ತಿಂಗಳ ಕೊನೆಯ ಗುರುವಾರ ಮಧ್ಯಾಹ್ನ ಎಲ್ಲರ ಕಥೆಗಳನ್ನೂ ಲೈಬ್ರರಿಯ ಗೋಡೆಯ ಮೇಲೆ ತೋರಿಸಿದರು. ಹತ್ತಿಪ್ಪತ್ತು ಜನ, ಏಲಕ್ಕಿ ಬ್ರೆಡ್ಡು, ಕಾಫಿ. ನಾಯಿಯ ಕಥೆಗೆ ಜೋರು ಚಪ್ಪಾಳೆ ಬಿತ್ತು. ಆಮೇಲೆ ಗೋಡೆಯ ಮೇಲೆ ಕಂದು ಗುಡ್ಡ ಬಂತು. ಕೈಗವಸು ಬಂತು. ಖಾಲಿ ಕುರ್ಚಿಗಳು ಒಂದೊಂದಾಗಿ ಮೇಲೆ ಹೋದವು. ಕೊನೆಗೆ ಆರ್ವೊನ ಪಕ್ಕನೋಟದ ಮುಖ, ಅವಳ ಪ್ರಶ್ನೆ, ಅವನ ಮೌನ. ಕಾಫಿಯ ಕಪ್ಪು ಎತ್ತಿದವರು ಎತ್ತಿದಲ್ಲೇ ಹಿಡಿದು ಕೂತರು. ಆ ಅರ್ಧ ಅಕ್ಷರ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಐಲಿ ತಿರುಗಿ ನೋಡುವಷ್ಟರಲ್ಲಿ ಆರ್ವೊ ಬಾಗಿಲು ದಾಟಿದ್ದ.

ಹೊರಗೆ ತುಂತುರು ಮಳೆ. ಅವನು ತನ್ನ ಪಿಕಪ್ಪಿನ ಪಕ್ಕ ಟೋಪಿ ಇಲ್ಲದೆ ನಿಂತಿದ್ದ. ಹತ್ತಿರ ಹೋದರೂ ಮುಖ ತಿರುಗಿಸಲಿಲ್ಲ.

“ಅದನ್ನ ಯಾಕೆ ಕತ್ತರಿಸ್ಲಿಲ್ಲ?”

“ಹನ್ನೊಂದು ವರ್ಷದಲ್ಲಿ ನೀನು ನಂಗೆ ಹೇಳಿದ್ದು ಅದೊಂದೇ,” ಎಂದಳು ಐಲಿ. “ಅದನ್ನೂ ಕತ್ತರಿಸ್ಬೇಕಿತ್ತಾ?”

ಮಳೆಹನಿಗಳು ಅವನ ಹುಬ್ಬಿನ ಮೇಲೆ ಕೂತವು.

“ಮಾತು ಮುಗಿಸು ಆರ್ವೊ. ನೀರು ಅನ್ನೋಕೆ ಹೊರಟಿದ್ಯಾ?”

ಅವನು ಆಗ ಅವಳನ್ನು ನೋಡಿದ. ನೇರವಾಗಿ, ಬಹಳ ಹೊತ್ತು, ಕುರ್ಚಿ ಬರುವ ದಾರಿಯನ್ನು ನೋಡುವಷ್ಟು ಎಚ್ಚರದಿಂದ.

“ನೀರಲ್ಲ,” ಎಂದ.

ಇಷ್ಟನ್ನು ಹೇಳಿದ ಮೇಲೆ ಅವನಿಗೆ ಉಳಿದದ್ದು ಸುಲಭವಾಯಿತು. ಕ್ಲಾಸಿಗೆ ಬಂದದ್ದು ಹೀಟರಿಗಾಗಿ ಅಲ್ಲ, ಕಾಗದದ ಮೇಲೆ ಅವಳ ಹೆಸರು ನೋಡಿ ಎಂದ. ಮೊಂಟಾನದಲ್ಲಿ ಸ್ಕೀ ಕಲಿಸುವವರೂ ಬೇಕಂತೆ, ಬರುತ್ತೀಯಾ ಎಂದು ಕೇಳಿದ. ಐಲಿಯ ಎದೆ ಹೂಂ ಅಂದಿತು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು. ಫೆಬ್ರವರಿಯ ಶಾಲೆ ರಜೆಗೆ ಹದಿನಾಲ್ಕು ಮಕ್ಕಳು ಹೆಸರು ಕೊಟ್ಟಿದ್ದರು. ಅಷ್ಟರಲ್ಲಿ ಹಿಮ ಬಿದ್ದರೆ ಕಲಿಸುವವರು ಬೇರೆ ಯಾರೂ ಇರಲಿಲ್ಲ. ಕ್ಲೆಮ್‌ಗೆ ಅವಳು ಮಾತು ಕೊಟ್ಟಿದ್ದಳು.

“ಸರಿ,” ಎಂದ ಅವನು.

ಇನ್ನೊಂದು ಸಲ ಕೇಳಲಿ ಎಂದು ಅವಳು ಕಾದಳು. ಹೋಗಬೇಡ ಅನ್ನಲಿ ಎಂದು ಅವನು ಕಾದನೇನೋ. ಅವನು ಅವಳ ಜಾಕೆಟ್ಟಿನ ಟೋಪಿಯನ್ನು ಎತ್ತಿ ತಲೆಯ ಮೇಲೆ ಹಾಕಿ, ಅಂಚನ್ನು ಒಂದು ಕ್ಷಣ ಹಿಡಿದಿದ್ದು, ಬಿಟ್ಟ. ಶನಿವಾರ ಬೆಳಗ್ಗೆ ಹೊರಟುಹೋದ.

ಆಮೇಲಿನ ದಿನಗಳು ಉದ್ದವಾಗಿದ್ದವು. ಅವರ ಪುಟವನ್ನು ಎಲ್ಲೆಲ್ಲಿಯವರೋ ನೋಡಿದರು. ಆ ಮನುಷ್ಯ ಕೊನೆಗೆ ಏನು ಹೇಳಲು ಹೊರಟಿದ್ದ ಎಂದು ಕಾಣದ ಊರಿನ ಯಾರೋ ಕೇಳಿ ಬರೆದಿದ್ದರು. ಐಲಿ ಉತ್ತರ ಬರೆಯಲಿಲ್ಲ. ಒಂದು ಮಧ್ಯಾಹ್ನ ಅವಳ ಫೋನಿಗೆ ದನಿಯ ತುಣುಕೊಂದು ಬಂತು. ಅಪರಿಚಿತ ಲಿಫ್ಟಿನ ಸದ್ದು, ಮಕ್ಕಳ ಕೂಗು, ಹಿಮದ ಮೇಲೆ ಸ್ಕೀ ಉಜ್ಜುವ ಸದ್ದು. ಕೊನೆಗೆ ಆರ್ವೊ.

“ಇಲ್ಲಿ ಬೇಕಾದಷ್ಟು ಹಿಮ ಇದೆ. ಅಷ್ಟೇ ಇರೋದು.”

ಅವಳು ಕಿಟಕಿ ತೆರೆದು ಸರೋವರದ ಅಲೆಯನ್ನಷ್ಟೇ ರೆಕಾರ್ಡ್ ಮಾಡಿ ಕಳಿಸಿದಳು.

ರಜೆಯ ವಾರ ಬಂತು. ಹಿಮ ಬರಲಿಲ್ಲ. ಕ್ಲೆಮ್ ಹದಿನಾಲ್ಕು ಮನೆಗೂ ತಾವೇ ಫೋನ್ ಮಾಡಿ ಈ ವರ್ಷ ಇಲ್ಲ ಎಂದು ತಿಳಿಸಿದರು. ಪ್ರತಿ ಮನೆಯವರ ಹತ್ತಿರವೂ ಮಗುವಿನ ಹೆಸರು ಹಿಡಿದು ಮಾತಾಡಿದರು. ಐಲಿ ಬಾಡಿಗೆಯ ಪುಟ್ಟ ಬೂಟುಗಳನ್ನು ಒರೆಸಿ ಕಪಾಟಿನಲ್ಲಿ ಜೋಡಿಸಿಟ್ಟಳು. ಬೀಗ ಹಾಕಿದ ಮೇಲೆ ಕ್ಲೆಮ್ ಮೆಟ್ಟಿಲ ಮೇಲೆ ಕೂತರು.

“ಮಕ್ಕಳಿಗೋಸ್ಕರ ಉಳಿದೆ. ಆಯ್ತು. ಇನ್ನು ಯಾರಿಗೋಸ್ಕರ ಇಲ್ಲಿದ್ದೀಯ?” ಎಂದು ಕೇಳಿದರು.

ನೀವು ಒಬ್ಬರೇ ಆಗುತ್ತೀರಲ್ಲ ಎಂದಳು ಐಲಿ.

“ನಂಗೆ ಗುಡ್ಡ ಇದೆ ಕಣಮ್ಮ. ನಿಂಗೇನಿದೆ?”

ಮೊಂಟಾನದ ದಾರಿ ಹಿಡಿದು ಐಲಿ ಎರಡು ದಿನ ಪೂರ್ತಿ ಕಾರು ಓಡಿಸಿದಳು. ಬಯಲು ಮುಗಿಯುವಂತೆಯೇ ಕಾಣಲಿಲ್ಲ. ಬರುತ್ತಿದ್ದೇನೆಂದು ಅವನಿಗೆ ಹೇಳಿರಲಿಲ್ಲ. ಹೇಳಿದರೆ ತನಗೆ ಭಯವಾಗಿ ಅರ್ಧದಲ್ಲೇ ತಿರುಗಿಬಿಟ್ಟೇನು ಎಂದು ಅಂಜಿದ್ದಳು. ಮೂರನೆಯ ದಿನ ಮಧ್ಯಾಹ್ನ ಅವನು ಕೆಲಸ ಮಾಡುವ ಬೆಟ್ಟ ತಲುಪಿ, ಸ್ಕೀ ಕಟ್ಟಿಕೊಂಡು, ಜನರ ಜೊತೆ ಸಾಲಿನಲ್ಲಿ ನಿಂತಳು. ಎಷ್ಟೋ ದಿನಗಳ ನಂತರ ಕಾಲಡಿಯ ಹಿಮ ಮುಲುಗುಟ್ಟಿತು.

ಆರ್ವೊ ತಲೆ ತಗ್ಗಿಸಿ ಒಂದೊಂದೇ ಕುರ್ಚಿ ಹಿಡಿದು ಕೊಡುತ್ತಿದ್ದ. ತೆಳ್ಳಗಾಗಿದ್ದ. ಅವಳ ಸರದಿ ಬಂದಾಗಲೂ ತಲೆ ಎತ್ತಲಿಲ್ಲ. ಅವಳ ಬೂಟು ನೋಡಿದ. ಎಡಗಾಲಿನ ಬೂಟಿಗೆ ಅವನೇ ಎರಡು ವರ್ಷದ ಹಿಂದೆ ತಂತಿ ಸುತ್ತಿ ಸರಿಮಾಡಿಕೊಟ್ಟಿದ್ದ. ಮೆಲ್ಲಗೆ ತಲೆ ಎತ್ತಿದ.

ಕೂರುವ ಜಾಗದಲ್ಲಿ ಮಾತಿಗೆ ಸಿಗುವುದು ಏಳೆಂಟು ಸೆಕೆಂಡು. ಮೊದಲ ಸುತ್ತಿನಲ್ಲಿ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಅವಳು ಮೇಲೆ ಹೋಗಿ, ಜಾರಿ ಬಂದು, ಮತ್ತೆ ಸಾಲಿನಲ್ಲಿ ನಿಂತಳು. ಎರಡನೆಯ ಸುತ್ತಿನಲ್ಲಿ ಊಟ ಆಯ್ತಾ ಎಂದು ಕೇಳಿದ. ಮೂರನೆಯದರಲ್ಲಿ, ಒಬ್ಬಳೇ ಅಷ್ಟು ದೂರ ಓಡಿಸಿಕೊಂಡು ಬಂದೆಯಾ ಎಂದು ಬೈದ. ನಾಲ್ಕನೆಯದರಲ್ಲಿ, ಅವಳ ಭುಜದ ಮೇಲಿನ ಹಿಮ ಕೊಡವುವ ನೆಪದಲ್ಲಿ ಕೈಯನ್ನು ಅಲ್ಲೇ ಇಟ್ಟ.

ಐದನೆಯ ಸುತ್ತಿಗೆ ಬಿಸಿಲು ಓರೆಯಾಗಿತ್ತು. ಕುರ್ಚಿ ಹಿಡಿದು ಅವಳ ಹಿಂದೆ ಬಾಗಿ, ಅಂಜುತ್ತಾ ಕೇಳಿದ.

“ಎಷ್ಟು ದಿನದ ರಜಾಕ್ಕೆ ಬಂದಿದ್ದೀಯ?”

“ರಜಾ ಅಲ್ಲ,” ಎಂದಳು ಐಲಿ. “ಬಂದ್ಬಿಟ್ಟಿದ್ದೀನಿ.”

ಕುರ್ಚಿ ಅವಳನ್ನು ಎತ್ತಿಕೊಂಡು ಹೊರಟಿತು. ತಿರುಗಿ ನೋಡಿದಳು. ಆರ್ವೊ ಎರಡೂ ಕೈ ಕೆಳಗೆ ಬಿಟ್ಟು ನಿಂತಿದ್ದ. ಸಾಲಿನಲ್ಲಿದ್ದವರು ಏನೋ ಕೂಗುತ್ತಿದ್ದರು. ಅವಳ ಹಿಂದಿನ ಕುರ್ಚಿ ಯಾರನ್ನೂ ಕೂರಿಸಿಕೊಳ್ಳದೆ ಖಾಲಿಯೇ ಮೇಲೇರಿ ಬರುತ್ತಿತ್ತು, ಅದರ ಹಿಂದಿನದೂ.