ಟೇಬಲ್ಲಿನೊಳಗಿಟ್ಟ ದನಿ

"ಛೀ... ಛೀ! ಇದನ್ನ ಬರೆದ ಪುಣ್ಯಾತ್ಮ ಯಾರು?"

ಗಂಟಲು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಮೂರು ತಿಂಗಳ ರಜೆ ಮುಗಿಸಿ ಬಂದಿದ್ದಳು ಸಿಡುಕಕ್ಕ. ಡೇಟಾಬೇಸ್ ನೋಡಿಕೊಳ್ಳುವ ಅವಳಿಗೆ ಆಫೀಸಿನಲ್ಲಿ ಅದೇ ಹೆಸರು.

"ನಾನೇ ಮೇಡಂ," ಎಂದು ಮೂಲೆಯಿಂದ ಒಬ್ಬ ಎದ್ದು ನಿಂತ. ಅವಳಿಲ್ಲದಾಗ ಸೇರಿದ ಹೊಸ ಪ್ರೋಗ್ರಾಮರ್. ಅಂಗಿ ಮುದ್ದೆಯಾಗಿತ್ತು. ಮೇಜಿನ ಮೇಲೆ ಬೂಷ್ಟು ಹಿಡಿದ ಚಹಾ ಲೋಟವಿತ್ತು.

ಥೂ! ಇವನ ಕೋಡೂ ಇವನ ಹಾಗೇ!

ಆ ಆಸ್ಪತ್ರೆಯಲ್ಲಿ ದನಿ ಕಳೆದುಕೊಳ್ಳಲಿರುವವರ ಮಾತನ್ನು ಆಪರೇಷನ್ನಿಗೆ ಮುಂಚೆ ರೆಕಾರ್ಡ್ ಮಾಡಿಡುತ್ತಿದ್ದರು. ಫೈಲು ಫೋಲ್ಡರಿನಲ್ಲಿ, ಅದರ ವಿಳಾಸ ಮಾತ್ರ ಡೇಟಾಬೇಸಿನ ಟೇಬಲ್ಲಿನಲ್ಲಿ. ಅದು ಅವಳೇ ಹಾಕಿದ ಪದ್ಧತಿ. ಈ ಮಹಾಶಯ ಇಡೀ ಫೈಲುಗಳನ್ನೇ ಟೇಬಲ್ಲಿನೊಳಗೆ ತುರುಕಿದ್ದ!

"ಒಂದು ಫೈಲು ತೆಗೆದ್ರೆ ಸರ್ವರ್ ಏದುಸಿರು ಬಿಡುತ್ತೆ. ಅದೇನು ಡೇಟಾಬೇಸಾ, ಕಸದ ತೊಟ್ಟಿನಾ? ವಾಪಸ್ ಫೋಲ್ಡರಿಗೆ ಹಾಕಿ."

"ಫೋಲ್ಡರ್ ಮಾತ್ರ ಬೇಡ ಮೇಡಂ."

"ಯಾಕೆ?"

ಅವನು ಕೀಬೋರ್ಡಿನತ್ತ ತಿರುಗಿ ಕೂತ. ಅವಳ ಪಿತ್ತ ನೆತ್ತಿಗೇರಿತು. ಆ ರಾಶಿಯಲ್ಲಿ ಅವಳ ಅಪ್ಪನ ದನಿಯೂ ಇತ್ತು. ಆಪರೇಷನ್ ಆದಮೇಲೆ ಅಪ್ಪ ಮಾತಾಡಿರಲಿಲ್ಲ, ಇನ್ನು ಮಾತಾಡುವಂತೆಯೂ ಇರಲಿಲ್ಲ. ಕೇಳುವ ಧೈರ್ಯ ಬಂದ ದಿನ ಕೇಳೋಣ ಎಂದುಕೊಂಡಿದ್ದಳು. ಅಪ್ಪನ ದನಿ ಅಂತ ಅದೊಂದೇ ಉಳಿದಿರೋದು... ಈ ಕೊಳಕ ಅದನ್ನೂ ಹಾಳು ಮಾಡಿದರೆ?

ಒಂದು ತಿಂಗಳು ದಿನಾ ಜಗಳ. ಅವನು ಪಕ್ಕದಲ್ಲಿ ಹಾದುಹೋದರೂ ಅವಳು ಮೂಗು ಮುರಿಯುತ್ತಿದ್ದಳು. ಅಸಹ್ಯಪಡುವುದೂ ಒಂದು ಸುಖವೇ ನೋಡಿ, ನಾವು ಮಾತ್ರ ಚೊಕ್ಕ ಎಂಬ ಧೈರ್ಯ ಅದರಲ್ಲಿರುತ್ತದೆ.

ಕೊನೆಗೆ ಅವಳು ದೂರು ಕೊಟ್ಟಳು. "ನಾಳೆಯಿಂದ ಅವನು ಬೇರೆ ಆಸ್ಪತ್ರೆಗೆ. ಫೈಲೆಲ್ಲ ನೀವೇ ಸರಿಮಾಡಿ," ಎಂದರು ಮುಖ್ಯಸ್ಥರು.

ಗೆದ್ದೆ ಎಂದುಕೊಂಡು ಅವಳು ಮೊದಲು ಟೇಬಲ್ಲಿನಲ್ಲಿ ಅಪ್ಪನ ಹೆಸರಿನ ಸಾಲು ತೆರೆದಳು. ಫೈಲಿನ ಹಳೆಯ ವಿಳಾಸ ಹಾಗೇ ಇತ್ತು. ಆ ಫೋಲ್ಡರಿಗೆ ಹೋದಳು. ಖಾಲಿ! ಅಳಿಸಿದ್ದು ಯಾರು ಎಂದು ದಾಖಲೆ ತೆಗೆದು ನೋಡಿದರೆ ಅವಳದೇ ಹೆಸರು...

ರಜೆಗೆ ಹೋಗುವ ಹಿಂದಿನ ದಿನ ಗಡಿಬಿಡಿಯಲ್ಲಿ ಒಂದು ಸ್ವಚ್ಛತಾ ಪ್ರೋಗ್ರಾಂ ಬರೆದಿಟ್ಟಿದ್ದಳು. ಅರವತ್ತು ದಿನ ಯಾರೂ ತೆರೆಯದ ಫೈಲನ್ನು ಅದು ಅವಳ ಹೆಸರಿನಲ್ಲಿ ತಾನಾಗಿಯೇ ಅಳಿಸುತ್ತಿತ್ತು. ದಿನದ ಬ್ಯಾಕಪ್ ತೆಗೆಯುತ್ತಿದ್ದುದು ಟೇಬಲ್ಲುಗಳದ್ದು ಮಾತ್ರ, ಫೋಲ್ಡರಿನದ್ದಲ್ಲ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ಅವಳು ಅವನ ಎಲೆಯ ನೊಣ ಓಡಿಸುತ್ತಿದ್ದಳು. ಈ ಸಲ ತನ್ನ ಮೇಲೇ ಅಸಹ್ಯ.

ಅವನು ಚೀಲ ತುಂಬಿಕೊಳ್ಳುತ್ತಿದ್ದ.

"ಫೋಲ್ಡರಿನಿಂದ ಹೋದ ಫೈಲುಗಳು ಟೇಬಲ್ಲಿಗೆ ಹೇಗೆ ಬಂದ್ವು?"

"ರೆಕಾರ್ಡಿಂಗ್ ಯಂತ್ರದ ಹಳೇ ಮೆಮೊರಿ ಕಾರ್ಡುಗಳಲ್ಲಿ ಹುಡುಕಿದೆ. ಎಲ್ಲಾ ಸಿಕ್ಕಿದ್ವು. ಬ್ಯಾಕಪ್ ಆಗ್ಲಿ ಅಂತ ಟೇಬಲ್ಲಿಗೆ ಹಾಕಿದೆ."

"ಅಳಿಸಿದ್ದು ನಾನು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಬೈಸಿಕೊಂಡ್ರಿ? ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀವು ಅವತ್ತೇ ಕೆಲಸ ಬಿಡ್ತಿದ್ರಿ. ನೀವಿಲ್ಲದ ಕೋಣೆಗೆ ನಾನು ಯಾಕೆ ಬರಲಿ?"

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಸಿಕ್ಕ ಫೈಲು ಸರಿ ಇದೆಯಾ ಅಂತ ಒಂದೊಂದನ್ನೂ ಕೇಳಲೇಬೇಕಿತ್ತು," ಅವನು ತಡವರಿಸಿದ. "ನಿಮ್ಮನ್ನ ನೋಡೋಕೂ ಮುಂಚೆ ನಿಮ್ಮಪ್ಪನ ಬಾಯಲ್ಲಿ ನಿಮ್ಮ ಬಗ್ಗೆ ಕೇಳಿದೀನಿ." ಹೆಡ್‌ಫೋನ್ ಅವಳ ಕೈಗಿಟ್ಟ.

'ನನ್ನ ಮಗಳಿಗೆ ಮೂಗಿನ ತುದೀಲೇ ಕೋಪ,' ಅಪ್ಪ ನಗುತ್ತಿದ್ದರು. 'ಆದ್ರೆ ನಂಗೆ ಜ್ವರ ಬಂದ್ರೆ ಅವಳು ಊಟ ಬಿಡ್ತಾಳೆ. ಬೈದ್ರೂ ಹತ್ತಿರಾನೇ ಇರೋನು ಒಬ್ಬ ಸಿಗಲಿ ಅವಳಿಗೆ...'

ಅವಳು ಎಲ್ಲರೆದುರೇ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋಗಿ, ತಪ್ಪು ತನ್ನದೆಂದು ಬರೆದುಕೊಟ್ಟು, ದೂರು ಹರಿದು ಬಂದಳು. ಅವನು ಇನ್ನೂ ಚೀಲ ಹಿಡಿದೇ ನಿಂತಿದ್ದ.

"ನನ್ನ ಕಂಡ್ರೆ ಈಗಲೂ ಅಸಹ್ಯಾನಾ?"

"ನಿಮ್ಮ ಕೋಡ್ ಕಂಡ್ರೆ ಈಗಲೂ ಅಸಹ್ಯಾನೇ! ಅಷ್ಟು ದೊಡ್ಡ ಫೈಲನ್ನ ಒಂದೇ ಗುಕ್ಕಿಗೆ ಓದಿಸ್ತೀರಲ್ಲ, ತುಂಡು ತುಂಡಾಗಿ ಓದಿಸಬೇಕು."

"ಹೇಳಿಕೊಡ್ತೀರಾ?"

"ಹೂಂ... ಆದ್ರೆ ಬೈತಾನೇ ಇರ್ತೀನಿ."

"ಎಷ್ಟು ದಿನ?"

ಅವಳು ಅವನ ಕೈಯಿಂದ ಚೀಲ ಇಸಕೊಂಡು ಕೆಳಗಿಟ್ಟಳು.

"ನನ್ನ ದನಿ ಇರೋವರೆಗೂ."