ಬೆನ್ನು ತಿರುಗಿಸಿದವರು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುವ ಗಾದೆಯಿಂದಲೇ ಹೊಟ್ಟೆ ಹೊರೆಯುವವನು ನಾನು. ಕನ್ನಡಕದಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಗೋಡೆಯ ಮೇಲೆ ನಾನೇ ಬರೆದು ಗಾಜಿನ ಕಟ್ಟು ಹಾಕಿಸಿದ ಕಪ್ಪುಬಿಳುಪು ಚಿತ್ರವೊಂದಿದೆ. ಬಿಳಿಯನ್ನು ನೋಡಿದರೆ ನಡುವೆ ಒಂದು ಹೂಜಿ, ಕಪ್ಪನ್ನು ನೋಡಿದರೆ ಎದುರುಬದುರಾದ ಎರಡು ಮುಖ. ಬಂದವರಿಗೆಲ್ಲ ಮೊದಲು “ಏನು ಕಾಣುತ್ತೆ?” ಎಂದು ಕೇಳುವುದು ನನ್ನ ರೂಢಿ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ವಯಸ್ಸಾದ ಟೀಚರೊಬ್ಬರು ಅದನ್ನು ನೋಡಿ, “ಅಯ್ಯೋ, ಇವರಿಬ್ಬರೂ ಯಾಕೆ ಬೆನ್ನು ತಿರುಗಿಸಿಕೊಂಡಿದ್ದಾರೆ? ಜಗಳವಾ?” ಅಂದರು. ನಕ್ಕು ಅವರ ಕಣ್ಣು ಪರೀಕ್ಷಿಸಿದೆ. ಕೊನೆಯ ಸಾಲಿನ ಅಕ್ಷರಗಳನ್ನೂ ಪಟಪಟನೆ ಓದಿಬಿಟ್ಟರು.

ಆಮೇಲೆ ಬಂದ ಬಸ್ ಡ್ರೈವರೂ ಅದನ್ನೇ ಹೇಳಿದ. ಸಂಜೆಯೊಳಗೆ ಆರು ಜನ ಹೇಳಿದರು. ಮುಖಗಳು ಆಚೆ ತಿರುಗಿದರೆ ಮೂಗು ಬಾಯಿಯ ಗೆರೆಯೇ ನಡುವೆ ಇರುವುದಿಲ್ಲ, ಹೂಜಿ ಆಗುವುದಾದರೂ ಹೇಗೆ? ನನಗೋ ಹೂಜಿ ಕಣ್ಣಿಗೆ ರಾಚುವ ಹಾಗೆ ಕಾಣುತ್ತಿತ್ತು. ನನ್ನ ಕಣ್ಣನ್ನೂ ಪರೀಕ್ಷಿಸಿಕೊಂಡೆ. ದೋಷವಿರಲಿಲ್ಲ.

ನೋಡಿಯೇ ಬಿಡೋಣವೆಂದು, ನನ್ನಲ್ಲೇ ಲೆನ್ಸ್ ಉಜ್ಜುವ ಕೆಲಸ ಮಾಡುವ ತಂಗಿಯನ್ನು ಕರೆದೆ. “ಚಿತ್ರದ ಮೇಲೆ ಈ ತೆಳು ಹಾಳೆ ಇಟ್ಟು, ಕಂಡಿದ್ದನ್ನ ಕಂಡ ಹಾಗೇ ಗೆರೆ ಎಳಿ” ಅಂದೆ.

ಎಳೆಯುತ್ತಾ ಅವಳು, “ಅಣ್ಣಾ, ಈ ಸೆಕೆಯಲ್ಲೂ ಚಿತ್ರದ ಗಾಜು ಯಾಕಿಷ್ಟು ತಣ್ಣಗೆ ಕೊರೀತಿದೆ?” ಅಂದಳು.

ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಬೆನ್ನಿಗೆ ಬೆನ್ನು ಹಾಕಿದ ಇಬ್ಬರು. ಹೂಜಿ ಎಲ್ಲೂ ಇಲ್ಲ. ಅದನ್ನು ಮತ್ತೆ ಚಿತ್ರದ ಮೇಲೆ ಹಿಡಿದೆ. ನನಗೆ ಇವತ್ತಿಗೂ ಹೂಜಿಯೇ ಕಾಣುವ ಆ ಚಿತ್ರದ ಮೇಲೆ ಅವಳ ಗೆರೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು.