ಸುವರ್ಣತೀರದ ಹನ್ನೊಂದನೇ ಮನೆ

ಶುಕ್ರವಾರ ಸಂಜೆ ಏಳೂಮುಕ್ಕಾಲಿಗೆ ಕಣ್ಣಂಪಾಡಂ ಪೊಲೀಸ್ ಠಾಣೆಗೆ ದೂರು ಬಂತು. ತಂದವನು ಖಾಸಗಿ ಬಸ್ಸಿನ ಡ್ರೈವರ್ ವಿಜಯನ್. ಮಗಳು ಅನಘಾಳನ್ನು ತ್ರಿಶೂರಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿಸಿ, ಹೆಂಡತಿಯನ್ನು ಬಾಗಿಲಲ್ಲಿ ಕೂರಿಸಿ, ಡ್ಯೂಟಿಯ ಖಾಕಿ ಅಂಗಿಯಲ್ಲೇ ಓಡಿ ಬಂದಿದ್ದ. ಅಂಗಿಗೆ ರಕ್ತ ಹತ್ತಿತ್ತು.

ಇನ್‌ಸ್ಪೆಕ್ಟರ್ ಶಿವಶಂಕರನ್ ಕುರ್ಚಿ ತೋರಿಸಿದರು. ವಿಜಯನ್ ಕೂರಲಿಲ್ಲ.

“ನನ್ನ ಮಗಳನ್ನ ಗುಂಡಿಗೆ ತಳ್ಳಿದಾನೆ ಸಾರ್.”

“ಯಾರು?”

“ಆ ಫೆಬಿನ್. ಒಂದೇ ಕ್ಲಾಸಂತೆ, ಫ್ರೆಂಡಂತೆ. ದಿನಾ ಸಂಜೆ ಬೈಕ್ ತಗೊಂಡು ಗೇಟ್ ಹತ್ರ ಹಾಜರು. ಬೇಡ ಮೋಳೆ, ಬೇಡ ಮಗಳೇ ಅಂತ ಬಡ್ಕೊಂಡೆ. ಕೇಳಿದ್ರೆ ತಾನೆ.”

“ತಳ್ಳಿದ್ದು ನೀವು ನೋಡಿದ್ರಾ?”

“ನೋಡಿದ್ರೆ ಅವನು ಇಷ್ಟೊತ್ತಿಗೆ ನಿಮ್ಮ ಬೆಂಚ್ ಮೇಲೆ ಕೂತಿರ್ತಿದ್ನಾ?”

ಫೆಬಿನ್ ನಿಜವಾಗಿಯೂ ಆಗ ಠಾಣೆಯ ಬೆಂಚಿನ ಮೇಲೇ ಇದ್ದ. ಊರಿನವರು ನಾಲ್ಕು ಏಟು ಕೊಟ್ಟು ತಂದು ಬಿಟ್ಟಿದ್ದರು. ಎಂಟೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಕೊಲೆಗೆ ಯತ್ನ ಎಂದೇ ಬರೆಯಬೇಕೆಂದು ವಿಜಯನ್ ಹಟ ಹಿಡಿದ. ಬರೆದರೆ ಹತ್ತೊಂಬತ್ತರ ಹುಡುಗ ನಾಳೆ ಜೈಲಿಗೆ, ಅಲ್ಲಿಂದ ಅವನ ಬಾಳು ಎಲ್ಲಿಗೋ. ಶಿವಶಂಕರನ್ ಸದ್ಯಕ್ಕೆ ‘ಪ್ರಾಣಾಪಾಯದ ಗಾಯ, ಕಾರಣ ತನಿಖೆಯಲ್ಲಿ’ ಎಂದಷ್ಟೇ ಬರೆಸಿ, ನಾಳೆ ಸಂಜೆಯೊಳಗೆ ಹೇಳುತ್ತೇನೆ ಎಂದರು.

ಘಟನೆ ನಡೆದದ್ದು ಸುವರ್ಣತೀರಂ ವಿಲ್ಲಾಸ್‌ನಲ್ಲಿ. ಚಿನ್ನವೂ ಇಲ್ಲ, ತೀರವೂ ಇಲ್ಲ. ಹೆಸರಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ ನೋಡಿ. ಒಳ್ಳೆಯ ಗದ್ದೆಗೆ ಮಣ್ಣು ತುಂಬಿ ಇಪ್ಪತ್ತೆರಡು ಮನೆ ಎಬ್ಬಿಸಿದ ಬಿಲ್ಡರ್, ಗದ್ದೆ ಮುಚ್ಚಿದ್ದಕ್ಕೆ ಸರ್ಕಾರದ ತಡೆ ಬಂದ ಕೂಡಲೇ ಊರು ಬಿಟ್ಟ. ಆಮೇಲೆ ಕಿಟಕಿಯ ಕಬ್ಬಿಣ ಕಳ್ಳರು ಒಯ್ದರು, ಗೋಡೆಯನ್ನು ಬಳ್ಳಿ ಹಿಡಿಯಿತು. ಊರಿನ ಕಾಲೇಜು ಹುಡುಗರಿಗೆ ಅದು ಸಂಜೆಯ ಅಡ್ಡೆ. ರಸ್ತೆ ಬದಿಯ ತಟ್ಟುಕಡದಲ್ಲಿ ಚಾ ಕುಡಿದು, ಬಾಳೆಹಣ್ಣು ಕರಿದ ಬಿಸಿ ಪಳಂಪೊರಿ ಪೊಟ್ಟಣ ಕಟ್ಟಿಸಿಕೊಂಡು, ಬಾಗಿಲಿಲ್ಲದ ಮನೆಗಳಲ್ಲಿ ಸುತ್ತಿ, ತಾರಸಿ ಮೇಲೆ ಕೂತು ವಿಡಿಯೋ ಮಾಡಿ, ಕತ್ತಲಾಗುವ ಮೊದಲು ಮನೆ ಸೇರುವುದು. ಅನಘಾ, ಫೆಬಿನ್, ನಾಫಿಯಾ ಮೂವರದ್ದೂ ಇದೇ ದಿನಚರಿ.

ಶಿವಶಂಕರನ್ ಹುಡುಗನ ಎದುರು ಕೂತರು.

“ತಳ್ಳಿದ್ಯಾ?”

“ಇಲ್ಲ ಸಾರ್. ಅವಳು ಮುಂದೆ ಹೋಗ್ತಿದ್ಲು, ಫೋನ್ ಹಿಡ್ಕೊಂಡು. ಹುಲ್ಲಿನ ಮಧ್ಯೆ ಇದ್ದಕ್ಕಿದ್ದಂಗೆ ಇಲ್ಲ. ಶಬ್ದ ಬಂತು ಅಷ್ಟೆ.”

“ಏನಿತ್ತು ಅಲ್ಲಿ, ಆ ಕಾಡಲ್ಲಿ?”

“ಹಾವು ಸಾರ್. ಒಂಬತ್ತನೇ ಮನೆ ಹಿಂದೆ ನಾಗರಹಾವು ಮೊಟ್ಟೆ ಇಟ್ಟಿದೆ ಅಂತ ಸುದ್ದಿ. ವಿಡಿಯೋ ಹಾಕಿದ್ರೆ ಸಿಕ್ಕಾಪಟ್ಟೆ ಜನ ನೋಡ್ತಾರೆ ಅಂತ ನಾನೇ ಕುಣಿದೆ. ಅವಳಿಗೆ ಹೆದ್ರಿಕೆ. ‘ಹೆದ್ರುಪುಕ್ಲಿ’ ಅಂತ ರೇಗಿಸ್ದೆ. ಅದಕ್ಕೇ ಮುಂದೆ ಹೋದ್ಲು.” ಹುಡುಗ ಮುಖ ಮುಚ್ಚಿಕೊಂಡ. “ನನ್ನನ್ನೇ ಒಳಗೆ ಹಾಕಿ ಸಾರ್. ಒಂದು ಲೆಕ್ಕಕ್ಕೆ ನಾನೇ ತಳ್ಳಿದ್ದು.”

“ಲೆಕ್ಕ ನಾನು ನೋಡ್ಕೋತೀನಿ. ಹಾವಿನ ಸುದ್ದಿ ಯಾರದ್ದು?”

“ನಾಫಿಯಾ ಹೇಳಿದ್ದು.”

ನಾಫಿಯಾಳನ್ನು ಆ ರಾತ್ರಿ ಮಾತಾಡಿಸಲು ಆಗಲಿಲ್ಲ. ಕಂಡದ್ದರ ಭಯಕ್ಕೆ ಜ್ವರ ಬಂದು ಮಲಗಿದ್ದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೋದರು. ಜೊತೆಗೆ ಹಳೆಯ ಪೊಲೀಸು ಹಂಸ, ಮಹಿಳಾ ಕಾನ್‌ಸ್ಟೆಬಲ್ ರಜನಿ. ಒಂಬತ್ತನೇ ಮನೆಯ ಹಿಂದೆ ಎದೆ ಮಟ್ಟ ಹುಲ್ಲು. ನಡುವೆ ಸೆಪ್ಟಿಕ್ ಟ್ಯಾಂಕಿನ ಬಾಯಿ ತೆರೆದುಕೊಂಡಿತ್ತು. ಆಳುದ್ದ ಗುಂಡಿ, ತಳದಲ್ಲಿ ಮಳೆನೀರು. ಅಂಚಿನ ಕಾಂಕ್ರೀಟಿನಲ್ಲಿ ಹುಡುಗಿಯ ಕೂದಲು ಅಂಟಿತ್ತು. ರಜನಿ ಮುಖ ತಿರುಗಿಸಿ ನಿಂತುಬಿಟ್ಟಳು.

“ಗುಜರಿ ಕಳ್ಳರ ಕೆಲಸ ಸಾರ್,” ಎಂದ ಹಂಸ. “ಕಿಟಕಿ ಮುಗೀತು, ಈಗ ಟ್ಯಾಂಕ್ ಮುಚ್ಚಿರೋ ಚಪ್ಪಡಿಗೆ ಬಂದಿದಾರೆ.”

“ಚಪ್ಪಡಿಯಲ್ಲಿ ಕಳ್ಳರಿಗೆ ಬೇಕಾಗಿದ್ದು ಏನು?”

“ಒಳಗಿನ ಕಬ್ಬಿಣ.”

“ಹಾಗಿದ್ರೆ ಒಡೀಬೇಕಿತ್ತಲ್ಲ.”

ಚಪ್ಪಡಿ ಒಡೆದಿರಲಿಲ್ಲ. ಪಕ್ಕದಲ್ಲೇ ಹುಲ್ಲಿನ ಮೇಲೆ ಪೂರ್ತಿಯಾಗಿ ಮಲಗಿತ್ತು. ಅದರಡಿ ತೆಂಗಿನ ಕೊರಡಿನ ಎರಡು ದುಂಡನೆಯ ತುಂಡುಗಳು. ಭಾರದ್ದನ್ನು ಒಬ್ಬರೇ ಉರುಳಿಸಿ ಸರಿಸಬೇಕಾದಾಗ ಮಾಡುವ ಉಪಾಯ ಅದು. ಕೊರಡಿನ ಕೆಳಗಿನ ಹುಲ್ಲು ಇನ್ನೂ ಹಸಿರಾಗಿತ್ತು. ಸರಿಸಿ ಒಂದು ದಿನವೂ ಆಗಿರಲಿಲ್ಲ. ಹಂಸ ತಲೆ ಕೆರೆದುಕೊಂಡು, ಹಾಗೇ ಪಂಚನಾಮೆಯಲ್ಲಿ ಬರೆದ.

ಇಪ್ಪತ್ತೆರಡರಲ್ಲಿ ಜನ ಇದ್ದದ್ದು ಹನ್ನೊಂದನೇ ಮನೆಯಲ್ಲಿ ಮಾತ್ರ. ತ್ರೇಸ್ಯಾ, ಮತ್ತು ಅವಳ ಗಂಡ ಪೊರಿಂಜು. ಗುಂಡಿಗೆ ಧುಮುಕಿ, ಅನಘಾಳ ಮುಖವನ್ನು ನೀರಿನ ಮೇಲೆ ಎತ್ತಿ ಹಿಡಿದು ಉಳಿಸಿದವಳು ಇದೇ ತ್ರೇಸ್ಯಾ. ರಾತ್ರಿಯಿಂದ ಟಿವಿಯಲ್ಲಿ ಅವಳದೇ ಮುಖ. ಐವತ್ತೈದು ದಾಟಿದ ಹೆಂಗಸು. ಕುವೈತಿನಲ್ಲಿ ಬೇರೆಯವರ ಮಕ್ಕಳನ್ನೂ ಮುದುಕರನ್ನೂ ಎತ್ತಿ ಇಳಿಸಿ ದುಡಿದದ್ದೆಲ್ಲ ಈ ಮನೆಗೆ ಹಾಕಿದ್ದಳು. ಎರಡೂ ಕೈಗೆ ಬ್ಯಾಂಡೇಜು. ಒಳಗೆ ಪೊರಿಂಜು ಗೋಡೆಗೆ ಒರಗಿ ಕೂತು, ಸಿಲಿಂಡರಿನ ಕೊಳವೆಯಿಂದ ಉಸಿರು ಎಳೆಯುತ್ತಿದ್ದ. ಕ್ವಾರಿಯ ಧೂಳು ತಿಂದ ಶ್ವಾಸಕೋಶ.

“ಆಕ್ಸಿಜನ್ ಮೆಷಿನ್ ಮೂಲೆಯಲ್ಲೇ ಇದೆಯಲ್ಲ ಚೇಚಿ, ಸಿಲಿಂಡರ್ ಯಾಕೆ?” ರಜನಿ ಅಕ್ಕನನ್ನು ಕೇಳುವ ಹಾಗೆ ಕೇಳಿದಳು.

“ಮೆಷಿನ್‌ಗೆ ಕರೆಂಟ್ ಬೇಕು ಮೋಳೆ. ತಡೆ ಇರೋ ಜಾಗ, ಮನೆಗೆ ಪಂಚಾಯ್ತಿ ನಂಬರ್ ಇಲ್ಲ. ನಂಬರ್ ಇಲ್ದೆ ಕರೆಂಟ್ ಇಲ್ಲ. ಆಟೋದಲ್ಲಿ ಸಿಲಿಂಡರ್ ತರ್ತೀನಿ. ಮೊನ್ನೆ ಆಟೋ ಕೆಟ್ಟು ತಡ ಆಯ್ತು. ಬರೋಷ್ಟರಲ್ಲಿ ಇವರ ತುಟಿ ನೀಲಿ.”

“ನಿನ್ನೆ ಕೂಗು ಕೇಳಿದಾಗ ಎಲ್ಲಿದ್ರಿ?” ಶಿವಶಂಕರನ್ ಕೇಳಿದರು.

“ಅಡುಗೆಮನೇಲಿ.”

“ಒಂಬತ್ತರ ಹಿಂದೆ ಯಾರಾದ್ರೂ ಓಡಾಡಿದ್ದು ಕಂಡ್ರಾ?”

“ಇಲ್ಲ ಸಾರ್. ಆ ಮಗು ಹೇಗಿದೆ?”

“ಕಣ್ಣು ಬಿಟ್ಟಿಲ್ಲ.”

ತ್ರೇಸ್ಯಾ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದಳು.

ಚಾ ತಂದವಳು ಅವಳ ತಂಗಿ ಅನ್ನಂಕುಟ್ಟಿ. ಮಾತಿನ ಹೆಂಗಸು. ಪಂಚರಿಗೂ ಕೊಟ್ಟು, ಹಂಸನಿಗೆ ಎರಡನೇ ಲೋಟ ಕೊಟ್ಟಳು.

“ಸುದ್ದಿ ಕೇಳಿ ಓಡಿ ಬಂದ್ರಾ?” ಹಂಸ ಸುಮ್ಮನೆ ಕೇಳಿದ.

“ಅಯ್ಯೋ, ನಾನು ಆಗ್ಲೇ ಬಸ್ಸಲ್ಲಿದ್ದೆ ಚೇಟಾ. ಬಂದು ಇಳೀತೀನಿ, ಇಲ್ಲಿ ಜಾತ್ರೆ. ಬಾವನ್ನ ನೋಡ್ಕೊಳ್ಳೋಕೆ ಅಂತ ಅಕ್ಕ ಗುರುವಾರಾನೇ ಫೋನ್ ಮಾಡಿದ್ಲು. ಶನಿವಾರದಿಂದ ಒಂದಷ್ಟು ದಿನ ಅವಳು ಆಸ್ಪತ್ರೆಲಿ ಇರ್ತಾಳಂತೆ.”

ಹಂಸ ಲೋಟ ಕೆಳಗಿಟ್ಟ. ಶಿವಶಂಕರನ್ ಬಾಗಿಲ ಕಡೆ ನೋಡದೆ ಕೇಳಿದರು, “ಏನಾಗಿದೆ ಅವರಿಗೆ?”

“ಹೇಳ್ಲಿಲ್ಲ ಸಾರ್. ಹೆಂಗಸರ ಕಾಯಿಲೆ ಇರ್ಬೇಕು ಅಂತ ನಾನೂ ಕೆದಕ್ಲಿಲ್ಲ. ಬಾವನ ಬಟ್ಟೆ, ಮಾತ್ರೆ ಎಲ್ಲ ಜೋಡಿಸಿಟ್ಟಿದಾಳೆ. ಗಂಜಿಗೆ ಅಕ್ಕಿ ಸಹ ಆರಿಸಿಟ್ಟಿದಾಳೆ.”

“ಯಾವ ಆಸ್ಪತ್ರೆ?”

“ಅದೂ ಹೇಳ್ಲಿಲ್ಲ.”

ಜೀಪಿಗೆ ಬಂದು ರಜನಿ ಫೋನ್ ಹಿಡಿದು ಕೂತಳು. ಸರ್ಕಾರಿ ಆಸ್ಪತ್ರೆ, ಮಿಷನ್ ಆಸ್ಪತ್ರೆ, ಪೇಟೆಯ ನರ್ಸಿಂಗ್ ಹೋಮುಗಳು, ಒಂದನ್ನೂ ಬಿಡಲಿಲ್ಲ. ತ್ರೇಸ್ಯಾ ಎಂಬ ಹೆಸರಿನಲ್ಲಿ ಯಾರೂ ದಾಖಲಾಗುವುದಿರಲಿಲ್ಲ. ಯಾವ ಡಾಕ್ಟರೂ ಅವಳನ್ನು ಪರೀಕ್ಷೆ ಮಾಡಿರಲಿಲ್ಲ. ಶನಿವಾರದಿಂದ ಆಸ್ಪತ್ರೆಯಲ್ಲಿರುತ್ತೇನೆಂದು ಗಟ್ಟಿಮುಟ್ಟಾದ ಹೆಂಗಸಿಗೆ ಗುರುವಾರವೇ ಗೊತ್ತಿದ್ದದ್ದು ಹೇಗೆ ಎಂದು ಹಂಸ ಎರಡು ಸಲ ಗಟ್ಟಿಯಾಗಿ ಕೇಳಿದ. ಶಿವಶಂಕರನ್ ಜೀಪನ್ನು ನಾಫಿಯಾಳ ಮನೆ ಕಡೆ ತಿರುಗಿಸಲು ಹೇಳಿದರು.

ಹನ್ನೊಂದು ಗಂಟೆಗೆ ನಾಫಿಯಾಳ ಮನೆಯಲ್ಲಿ ಹೇಳಿಕೆ ಪಡೆದರು. ಹುಡುಗಿ ಅಮ್ಮನ ತೋಳು ಬಿಡದೆ ಮಾತಾಡಿದಳು.

“ಹಾವಿದೆ ಅಂತ ನಿನಗೆ ಹೇಳಿದ್ಯಾರು?”

“ತ್ರೇಸ್ಯಾ ಚೇಚಿ. ನಮ್ಮನ್ನ ಕಂಡ್ರೆ ಅವರಿಗಿಷ್ಟ. ನೀರು ಕೊಡ್ತಿದ್ರು, ಅವಲಕ್ಕಿ ಕೊಡ್ತಿದ್ರು. ಗುರುವಾರ ಗೇಟ್ ಹತ್ರ ನಿಲ್ಸಿ ಅಂದ್ರು, ‘ಒಂಬತ್ತರ ಹಿಂದೆ ನಾಗರಹಾವು ಮೊಟ್ಟೆ ಇಟ್ಟಿದೆ, ನಾಲ್ಕು ದಿನ ಇತ್ತ ಕಡೆ ಕಾಲೇ ಹಾಕ್ಬೇಡಿ ಮಕ್ಳೇ’ ಅಂತ. ನಾನು ಫೆಬಿನ್‌ಗೆ ಹೇಳ್ದೆ. ಹೇಳ್ಬಾರ್ದಿತ್ತು.”

ಹಾವಾಡಿಸುವವರ ವಿಡಿಯೋ ನೋಡಿ ಬೆಳೆದ ಮಕ್ಕಳಿಗೆ ಹಾವಿದೆ, ಬರಬೇಡಿ ಎಂದರೆ ಆಮಂತ್ರಣ ಕೊಟ್ಟ ಹಾಗೆ. ತ್ರೇಸ್ಯಾಳಿಗೆ ಅದು ಹೊಳೆದಿರಲಿಲ್ಲ. ಅವಳ ಕಾಲದ ಮಕ್ಕಳು ಹೆದರುತ್ತಿದ್ದರು.

ಹನ್ನೆರಡೂವರೆಗೆ ಮತ್ತೆ ಹನ್ನೊಂದನೇ ಮನೆ. ಹಿತ್ತಲಲ್ಲಿ ಮರಗೆಣಸಿನ ಪಾತಿಯ ಪಕ್ಕ ಹಾರೆ ಒರಗಿತ್ತು. ತುದಿಯಲ್ಲಿ ಸಿಮೆಂಟಿನ ಬಿಳಿ ಪುಡಿ. ಅಲ್ಲೇ ಕತ್ತರಿಸಿದ ತೆಂಗಿನ ಕೊರಡು. ಹಂಸ ಎರಡನ್ನೂ ಪಂಚರ ಮುಂದೆ ವಶಕ್ಕೆ ಪಡೆದ. ಶಿವಶಂಕರನ್ ತ್ರೇಸ್ಯಾಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, ತಾವೂ ಕೆಳಗಿನ ಮೆಟ್ಟಿಲಲ್ಲಿ ಕೂತರು.

“ಯಾವ ಆಸ್ಪತ್ರೆಗೆ ಹೋಗೋದಿತ್ತು ಚೇಚಿ?”

ಅವಳು ಬ್ಯಾಂಡೇಜಿನ ಕೈಗಳನ್ನು ನೋಡಿಕೊಂಡಳು.

“ಬೀಳ್ಬೇಕಾಗಿದ್ದು ನಾನು ಸಾರ್.”

ರಜನಿ ಬರೆಯುವುದನ್ನು ನಿಲ್ಲಿಸಿದಳು. ಬರೆಯಲು ಶಿವಶಂಕರನ್ ಸನ್ನೆ ಮಾಡಿದರು.

“ಇವತ್ತು ಬೆಳಿಗ್ಗೆ. ಹಾಲಿನವನು ಬರೋ ಹೊತ್ತಿಗೆ. ಕೂಗಿದ್ರೆ ಅವನಿಗೆ ಕೇಳಿಸ್ತಿತ್ತು. ಬಿದಿರು ಇಳಿಸಿ ನೋಡಿದ್ದೆ, ಸೊಂಟದ ಮಟ್ಟ ನೀರು, ಸಾಯಲ್ಲ. ಒಂದು ಕಾಲು ಮುರಿದ್ರೆ ಸಾಕಿತ್ತು.”

“ಯಾಕೆ?”

“ಎಲ್ಲಾ ಆಫೀಸಿಗೂ ಹೋದೆ. ಕರೆಂಟ್ ಆಫೀಸು ಪಂಚಾಯ್ತಿಗೆ ಕಳಿಸುತ್ತೆ, ಪಂಚಾಯ್ತಿ ವಿಲೇಜ್ ಆಫೀಸಿಗೆ, ಅವರು ಮತ್ತೆ ಪಂಚಾಯ್ತಿಗೆ. ಕಡೇ ಸಲ ಅಲ್ಲಿ ಒಬ್ಬ ಚಿಕ್ಕ ವಯಸ್ಸಿನವನು ನಗ್ತಾ ಅಂದ, ‘ಚೇಚಿ, ಅಲ್ಲಿ ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡು ಟಿವಿಲಿ ಬರ್ಲಿ, ಕಲೆಕ್ಟರೇ ಓಡಿ ಬರ್ತಾರೆ’ ಅಂತ. ತಮಾಷೆಗೆ ಅಂದ, ಪಾಪ. ನನಗೆ ಅದೊಂದೇ ದಾರಿ ಕಾಣಿಸ್ತು. ಇವರು ಉಸಿರಿಗೆ ಒದ್ದಾಡೋದನ್ನ ನೀವು ನೋಡಿಲ್ಲ ಸಾರ್.”

“ಚಪ್ಪಡಿ ನಿನ್ನೇನೇ ಯಾಕೆ ತೆಗೆದ್ರಿ?”

“ಬೆಳಿಗ್ಗೆ ಒಬ್ಬಳಿಗೆ ಆಗುತ್ತೋ ಇಲ್ವೋ ಅಂತ. ಒಂದು ರಾತ್ರಿ ತಾನೆ ಅಂದ್ಕೊಂಡೆ. ಮಕ್ಕಳಿಗೆ ಹೇಳಿದ್ದೀನಲ್ಲ, ಬರಲ್ಲ ಅಂದ್ಕೊಂಡೆ. ಕೂಗು ಕೇಳಿದಾಗ್ಲೇ ಗೊತ್ತಾಯ್ತು. ಓಡ್ತಾ ಓಡ್ತಾ ಬೇಡ್ಕೊಂಡೆ, ದೇವರೇ ಹಾವೇ ಕಚ್ಚಿರ್ಲಿ ಅಂತ. ಇಲ್ಲದ ಹಾವು ಸಾರ್.”

“ರಾತ್ರಿಯೇ ಯಾಕೆ ಹೇಳ್ಲಿಲ್ಲ? ಆ ಹುಡುಗನ್ನ ಹೊಡೆದು ಎಳ್ಕೊಂಡು ಹೋದ್ರಲ್ಲ.”

“ನಾನು ಹೋದ್ರೆ ಇವರನ್ನ ಯಾರು ನೋಡ್ತಾರೆ? ಮೊನ್ನೆ ತಂದ ಸಿಲಿಂಡರ್ ನಾಳೆಗೆ ಮುಗಿಯುತ್ತೆ.”

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಶಿವಶಂಕರನ್ ಅಪರಾಧಿಗಳ ಮೇಲೆ ಸಿಟ್ಟು ಮಾಡಿಕೊಂಡದ್ದುಂಟು, ಕನಿಕರ ಪಟ್ಟದ್ದುಂಟು. ಈ ಹೊತ್ತು ಅವರಿಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದೇ ತಿಳಿಯಲಿಲ್ಲ. ಠಾಣೆಗೆ ಫೋನ್ ಮಾಡಿ ಫೆಬಿನ್‌ನನ್ನು ಮನೆಗೆ ಕಳಿಸಲು ಹೇಳಿದರು. ಆಮೇಲೆ ವಿಜಯನ್‌ಗೂ ಫೋನ್ ಮಾಡಿ ಇದ್ದದ್ದನ್ನು ಹೇಳಿದರು.

“ನಿನ್ನೆ ಆ ಚೇಚಿ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೆ ಸಾರ್,” ಎಂದು ವಿಜಯನ್ ಫೋನ್ ಇಟ್ಟ.

ಒಂದೂವರೆಗೆ ಬಂಧನದ ಕಾಗದ ತಯಾರಾಯಿತು. ತ್ರೇಸ್ಯಾ ಗಂಡನ ಬಾಯಿ ಒರೆಸಿ, ದಿಂಬು ಸರಿಮಾಡಿ, ತಂಗಿಗೆ ಸಿಲಿಂಡರಿನ ತಿರುಪು ತೋರಿಸಿಕೊಟ್ಟಳು. ಪೊರಿಂಜು ಏನೋ ಹೇಳಲು ಹೋದ, ಉಸಿರು ಸಾಲಲಿಲ್ಲ. ಅವಳ ಸೆರಗಿನ ತುದಿ ಹಿಡಿದುಕೊಂಡ. ಅನ್ನಂಕುಟ್ಟಿಯೇ ಅವನ ಬೆರಳು ಬಿಡಿಸಬೇಕಾಯಿತು.

ಜೀಪು ಹೊರಡುವಷ್ಟರಲ್ಲಿ ಗೇಟಿನಿಂದ ಮೂರು ಕಾರು ಒಳಗೆ ಬಂದವು. ಕಲೆಕ್ಟರು, ಪಂಚಾಯಿತಿಯವರು, ವಿದ್ಯುತ್ ಇಲಾಖೆಯವರು. ಹಿಂದೆ ಟಿವಿಯವರು. ಜೀವ ಉಳಿಸಿದ ಹೆಂಗಸಿನ ಗಂಡನಿಗೆ ಉಸಿರಾಡಲು ಕರೆಂಟಿಲ್ಲ ಎಂಬ ಸುದ್ದಿ ಬೆಳಗಿನಿಂದ ಓಡುತ್ತಿತ್ತು. ಶಿವಶಂಕರನ್ ಕಲೆಕ್ಟರನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿದರು. ಕಲೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಒಂದಷ್ಟು ಹೊತ್ತು ಆ ಇಪ್ಪತ್ತೆರಡು ಮನೆಗಳನ್ನು ನೋಡುತ್ತಾ ನಿಂತರು.

“ಕರೆಂಟ್ ಬೇಕಾಗಿರೋದು ಅವರ ಗಂಡನಿಗೆ ತಾನೆ,” ಎಂದರು. “ಲೈನ್ ಎಳೀರಿ.”

ಲೈನ್‌ಮನ್ ಕಾಗದ ಹಿಡಿದು ಜೀಪಿನ ಹತ್ತಿರ ಬಂದ. ಮನೆ ಯಾರ ಹೆಸರಲ್ಲಿದೆಯೋ ಅವರ ಸಹಿ ಬೇಕಿತ್ತು. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ.

“ಇಲ್ಲೊಂದು ಸಹಿ ಹಾಕಿ ಚೇಚಿ, ಅರ್ಧ ಗಂಟೇಲಿ ಮೆಷಿನ್ ಓಡುತ್ತೆ.”

ತ್ರೇಸ್ಯಾ ಪೆನ್ನು ತೆಗೆದುಕೊಂಡಳು. ಸಹಿ ಹಾಕದೆ ಶಿವಶಂಕರನ್ ಮುಖ ನೋಡಿದಳು.

“ಆ ಮಗು ಕಣ್ಣು ಬಿಡ್ತಾ ಸಾರ್?”

“ಇಲ್ಲ.”

ಪೆನ್ನು ಹಿಡಿದುಕೊಂಡೇ ಅತ್ತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಪೂರ್ತಿ ಹೆಸರು ಬರೆದು ಕೊಟ್ಟಳು.